ಅಮ್ಮನ ಕಾಫಿಗೆ ಮದ್ದು ಹಾಕುತ್ತಿದ್ದೆ, ಅವರಿಗೆ ಗೊತ್ತಾಗಿದೆ. ಈಗ ನನ್ನ ಕೈಯ ನೀರೂ ಕುಡಿಯುತ್ತಿಲ್ಲ

ಮೂರನೇ ಮಾಳಿಗೆ (ಡೊಂಬಿವಲಿ)

ಇದನ್ನು ಆಫೀಸಿನಿಂದ ಬರುವ ಲೋಕಲ್‌ನಲ್ಲಿ ನಿಂತುಕೊಂಡೇ ಬರೆಯುತ್ತಿದ್ದೇನೆ. ಮನೆಯಲ್ಲಿ ಮೊಬೈಲ್ ಹಿಡಿದರೆ ಅಮ್ಮ ನೋಡುತ್ತಾ ಕೂರುತ್ತಾರೆ, ಯಾರಿಗೆ ಏನು ತಿಳಿಸುತ್ತಿದ್ದೇನೋ ಎಂದು.

ನನಗೆ 23. ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಒಂದು ರೂಮು, ಒಂದು ಕಿಚನಿನ ಮನೆ. ಅಪ್ಪ ಘಾಟ್ಕೋಪರಿನ ಒಂದು ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಾರೆ, ಮನೆ ಮುಟ್ಟುವಾಗ ರಾತ್ರಿ ಒಂದು ಗಂಟೆ. ತಮ್ಮ 12ನೇ ತರಗತಿ, ಫೆಬ್ರವರಿಯಲ್ಲಿ ಬೋರ್ಡ್ ಪರೀಕ್ಷೆ. ನಾನು ಮುಲುಂಡಿನ ಒಂದು ಸಿಎ ಆಫೀಸಿನಲ್ಲಿ ಆರ್ಟಿಕಲ್‌ಶಿಪ್ ಮಾಡುತ್ತಿದ್ದೇನೆ. ಅಮ್ಮನಿಗೆ 47. ಊರು ಕುಂದಾಪುರದ ಹತ್ತಿರ.

ಅಮ್ಮನಿಗೆ 2019ರಲ್ಲಿ ಶುರುವಾದದ್ದು. ಮೊದಲು ನಿದ್ದೆ ಹೋಯಿತು. ಆಮೇಲೆ ನಾಲ್ಕನೇ ಮಾಳಿಗೆಯವರು ಬಾತ್‌ರೂಮಿನ ಪೈಪಿನಲ್ಲಿ ತನ್ನ ವಿಷಯ ಮಾತಾಡುತ್ತಾರೆ ಎಂದರು. ಎಕ್ಸಾಸ್ಟ್ ಫ್ಯಾನಿನ ತೂತಿಗೆ ರಟ್ಟು ಅಂಟಿಸಿದರು. ಯಾರೋ ಊಟದಲ್ಲಿ ಕೈಮದ್ದು (ಕೇಡಿನ ಮದ್ದು) ಹಾಕಿದ್ದಾರೆ ಎಂದು ಊರಿಗೆ ಹೋಗಿ ಕಕ್ಕಿಸಿಕೊಂಡು ಬಂದರು. ದೇವರು ಮೈಮೇಲೆ ಬರುವ ದರ್ಶನದಲ್ಲೂ ಕೇಳಿಸಿ ಆಯಿತು. ಅದಕ್ಕೆ ಮೊದಲು ಅಮ್ಮ ಇಡೀ ಬಿಲ್ಡಿಂಗಿಗೆ ಬ್ಲೌಸ್ ಹೊಲಿಯುತ್ತಿದ್ದವರು. ಫಾಲ್-ಬೀಡಿಂಗ್‌ಗೆ ಪಕ್ಕದ ಸೊಸೈಟಿಗಳಿಂದಲೂ ಸೀರೆ ಬರುತ್ತಿತ್ತು. 2021ರಲ್ಲಿ ಮಿಷಿನ್ ಮುಚ್ಚಿ ಮೇಲೆ ಚಾದರ ಹೊದಿಸಿದರು, ಮತ್ತೆ ತೆಗೆಯಲಿಲ್ಲ.

ಒಬ್ಬ ಡಾಕ್ಟರಿಗೆ ತೋರಿಸಿದೆವು. ಸ್ಕಿಜೋಫ್ರೇನಿಯಾ ಎಂದರು. ಅಮ್ಮನಿಗೆ ಹಿಂದಿ ಮಾರ್ಕೆಟ್ಟಿಗೆ ಸಾಕಾಗುವಷ್ಟು ಮಾತ್ರ ಬರುತ್ತದೆ. ಅವರು ಹೇಳಿದ್ದನ್ನು ನಾನು ಹಿಂದಿಯಲ್ಲಿ ಡಾಕ್ಟರಿಗೆ ಹೇಳಬೇಕು, ಡಾಕ್ಟರ್ ಹೇಳಿದ್ದನ್ನು ಕನ್ನಡದಲ್ಲಿ ಅಮ್ಮನಿಗೆ ಹೇಳಬೇಕು. ನನ್ನ ಮಾತು ತನ್ನ ಮಾತಿಗಿಂತ ಉದ್ದವಾಯಿತು ಎಂದು ಅಮ್ಮನಿಗೆ ಅನುಮಾನ. ಎರಡು ಸಲ ಬಂದರು, ಮೂರನೇ ಸಲ ಬರಲಿಲ್ಲ. ಗುಳಿಗೆ ನಾಲಗೆಯ ಅಡಿಯಲ್ಲಿ ಇಟ್ಟುಕೊಂಡು ಮೋರಿಗೆ ಉಗುಳುತ್ತಿದ್ದರು.

ಹೋದ ಫೆಬ್ರವರಿಯಲ್ಲಿ ಅಪ್ಪ ಒಬ್ಬರೇ ಹೋಗಿ ಇನ್ನೊಬ್ಬ ಡಾಕ್ಟರ ಹತ್ತಿರ ಮಾತಾಡಿ ಬಂದರು. ಅವರು ಅಮ್ಮನನ್ನು ನೋಡದೆಯೇ ರಿಸ್ಪೆರಿಡೋನ್‌ನ ನೀರು ಮದ್ದು ಬರೆದುಕೊಟ್ಟರು. ಬೆಳಿಗ್ಗೆ ಆರಕ್ಕೆ 2 ಮಿಲಿ, ಕಾಫಿಯಲ್ಲಿ. ಕಾಫಿ ಪುಡಿ ಮುಗಿದ ದಿನ ಚಹಾದಲ್ಲಿ. ಲೋಟದ ತಳ ನೋಡಿದ ಮೇಲೆಯೇ ನಾನು ಸ್ನಾನಕ್ಕೆ ಹೋಗುವುದು. ಹೀಗೆ ಹನ್ನೊಂದು ತಿಂಗಳು.

ಗುಣ ಕಂಡಿತು, ಅದನ್ನು ಹೇಳಲೇಬೇಕು. ಜೂನ್‌ನಲ್ಲಿ ಫ್ಯಾನಿನ ರಟ್ಟು ಅಮ್ಮನೇ ತೆಗೆದರು. ಚೌತಿಗೆ ಎದುರು ಮನೆಯ ಆರತಿಗೆ ಹೋಗಿ ಹೆಂಗಸರ ಜೊತೆ ಕೂತು ನಕ್ಕರು. ಆ ನಗು ಕೇಳಿ ನಾನು ಕಿಚನಿನ ಬಾಗಿಲು ಹಾಕಿಕೊಂಡು ಅತ್ತಿದ್ದೆ. ಡಿಸೆಂಬರಿನಲ್ಲಿ ಒಂದು ದಿನ, ನಾನು ಆಫೀಸಿನಲ್ಲಿರುವಾಗ, ತಮ್ಮನ ಹೊಸ ಪ್ಯಾಂಟ್ ಉದ್ದವಾಯಿತು ಎಂದು ಮಡಚಿ ಹೊಲಿದುಕೊಡಲು ಮಿಷಿನ್ ಮೇಲಿನ ಚಾದರ ತೆಗೆದಿದ್ದಾರೆ. ನಾಲ್ಕು ವರ್ಷದಲ್ಲಿ ಮೊದಲ ಸಲ. ನಾನು ಬಾಟಲಿ ಅಡಗಿಸಿಟ್ಟದ್ದು ಆ ಮಿಷಿನಿನ ಡ್ರಾವರಿನಲ್ಲಿ, ಬಾಬಿನ್‌ಗಳ ಹಿಂದೆ. ಮನೆಯಲ್ಲಿ ಅಮ್ಮ ಮುಟ್ಟದ ಜಾಗ ಅದೊಂದೇ ಇತ್ತು.

ಹುಷಾರಾದದ್ದರಿಂದ ಮಿಷಿನ್ ತೆಗೆದರು, ಮಿಷಿನ್ ತೆಗೆದದ್ದರಿಂದ ಬಾಟಲಿ ಸಿಕ್ಕಿತು. ಇದನ್ನು ಯೋಚಿಸಿದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ಅಮ್ಮ ಕೂಗಾಡಲಿಲ್ಲ. ಬಾಟಲಿಯನ್ನು ಮಿಷಿನಿನ ಮೇಲೆ ನಿಲ್ಲಿಸಿ ನಾನು ಬರುವ ತನಕ ಎದುರು ಕೂತಿದ್ದರು. "ನೀನೂ ಅವ್ರೊಟ್ಟಿಗೆ ಸೇರಿದ್ಯಾ?" ಎಂದು ಕೇಳಿದರು, ಅಷ್ಟೇ. ನಾನು ಹೆದರಿ, ಅದು ತಮ್ಮನ ಕೆಮ್ಮಿನ ಮದ್ದು ಎಂದುಬಿಟ್ಟೆ. ಸುಳ್ಳು ಎಂದು ಅವರಿಗೂ ಗೊತ್ತು.

ಇವತ್ತಿಗೆ 19 ದಿನ. ತಾನೇ ಸುಲಿದ ಬಾಳೆಹಣ್ಣು, ತಾನೇ ಬೇಯಿಸಿದ ಮೊಟ್ಟೆ, ಒಡೆಯದ ಪ್ಯಾಕೆಟಿನ ಬಿಸ್ಕೆಟು, ಪ್ಯಾಕೆಟ್ ಹಾಲು. ಇಷ್ಟೇ ಊಟ. ನೀರು ಕೆಳಗಿನ ನಲ್ಲಿಯಿಂದ ತಾನೇ ಹಿಡಿದು ತರುತ್ತಾರೆ, ಬಾಟಲಿಯನ್ನು ತಲೆದಿಂಬಿನ ಹತ್ತಿರ ಇಟ್ಟುಕೊಳ್ಳುತ್ತಾರೆ. ರಾತ್ರಿ ಎರಡು ಮೂರು ಗಂಟೆ ಮಲಗಿದರೆ ಹೆಚ್ಚು. ಪೈಪಿನ ಮಾತು ಮತ್ತೆ ಶುರುವಾಗಿದೆ. ಯಾರಿಗೂ ಕೈ ಮಾಡಿಲ್ಲ.

ಹಾಲಿನ ಪ್ಯಾಕೆಟಿಗೆ ಸಿರಿಂಜಿನಿಂದ ಮದ್ದು ಚುಚ್ಚೋಣ ಎನ್ನುತ್ತಾರೆ ಅಪ್ಪ. ಅತ್ತೆ ಫೋನು ಮಾಡಿದಾಗೆಲ್ಲ "ಠಾಣೆಗೆ ಸೇರಿಸಿಬಿಡಿ" ಎನ್ನುತ್ತಾರೆ, ಅಂದರೆ ಠಾಣೆ ಊರಿನ ಮನೋರೋಗ ಆಸ್ಪತ್ರೆಗೆ. ನಮ್ಮ ಕಡೆ "ಮದ್ದು ಹಾಕಿದರು" ಎಂದರೆ ಏನು ಅರ್ಥ ಎಂದು ನಿಮಗೆ ಗೊತ್ತು. ಅಮ್ಮ ಐದು ವರ್ಷ ಇಲ್ಲದ ಶತ್ರುವಿಗೆ ಹೆದರಿದರು, ಕೊನೆಗೆ ಅದನ್ನು ನಿಜ ಮಾಡಿದವಳು ನಾನು.

ನಾನು ಕೇಳುವುದು ಇಷ್ಟು. ಸತ್ಯ ಹೇಳಿಬಿಡಲಾ? ಹೇಳಿದರೆ ಇನ್ನೂ ಹಾಳಾಗುತ್ತದಾ? ಈ ಪರಿಸ್ಥಿತಿಯನ್ನು ದಾಟಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಮತ್ತೆ ಇನ್ನೊಂದು, ಯಾರ ಹತ್ತಿರವೂ ಕೇಳಲಾಗದ್ದು: ಇದು ನನಗೂ, ತಮ್ಮನಿಗೂ ಬರುತ್ತದಾ?


ಹಡಪಸರ ಹುಡುಗ (ಪುಣೆ)

ತಂಗಿ, ನಿಂದು ಓದಕೋತ ಕುಂತು ನನ್ನ ಸ್ಟಾಪ್ ಬಿಟ್ಟು ಮುಂದ ಹೋದೆ. ನಮ್ಮಪ್ಪಗ ಇದ ಬ್ಯಾನಿ. ನಾವು ಇಂಡಿ ತಾಲೂಕಿನವ್ರು, ಅಪ್ಪ ಇಲ್ಲೆ ಸೆಂಟ್ರಿಂಗ್ ಕೆಲಸಾ ಮಾಡ್ತಿದ್ದ. 2013ರಾಗ ಶುರು ಆತು, ಆವಾಗ ನಾ 17 ವರ್ಷದಾಂವ.

ಮೊದಲ ಸಿರಿಂಜಿನ ವಿಚಾರ ಬಿಡ್ರಿ. ಒಡೀಲಾರದ ಪ್ಯಾಕೆಟ್ ಅಂದ್ರ ನಿಮ್ಮವ್ವ ಈಗ ನಂಬೂ ಕಡೀ ವಸ್ತು. ಅದನ್ನೂ ಕಸಗೊಂಡ್ರ ಆಕಿ ತಿನ್ನೂದರ ಏನು?

ನಾ ಮಾಡಿದ ತಪ್ಪು ಹೇಳ್ತೀನಿ. 2015ರಾಗ ಕಾಕಾನ ಜೋಡಿ ಕೂಡಿ ಅಪ್ಪಗ "ಪಂಢರಪುರಕ್ಕ ಹೋಗೂಣು" ಅಂತ ಹೇಳಿ ಟೆಂಪೋದಾಗ ಕುಂಡ್ರಿಸಿ ಸೀದಾ ಆಸ್ಪತ್ರಿಗೆ ಒಯ್ದೆ. ಅಪ್ಪ ಹೊಸಾ ಧೋತರ ಉಟ್ಟಿದ್ದ, ಬುಕ್ಕಿಟ್ಟಿನ ಪುಡಿಕಿ ಕಿಸೇದಾಗ ಇಟಗೊಂಡಿದ್ದ. ಗೇಟಿನ್ಯಾಗ ಗಾಡಿ ಹೊಳ್ಳಿದಾಗ ನನ್ನ ಮಾರಿ ನೋಡಿದ್ದು ಇವತ್ತಿಗೂ ಮರ್ತಿಲ್ಲ. ಔಷಧ ಹತ್ತಿತು, ಆರಾಮ ಆದ. ಆದ್ರ ನಾಕ ವರ್ಷ ನನ್ನ ಜೋಡಿ ಯಾವ ಗಾಡೀನೂ ಹತ್ತಲಿಲ್ಲ. ಖರೇ ಖರೇ ಪಂಢರಪುರಕ್ಕ ಕರದರೂ ಬರಲಿಲ್ಲ. ಇಲ್ಲೆ ಯರವಡಾದ ಮನೋರೋಗ ಆಸ್ಪತ್ರಿ ಹೆಸರು ಹೇಳಿ ಮಂದಿ ಹೆಂಗ ಅಂಜಸ್ತಾರ, ನಿಮ್ಮ ಕಡೆ ಠಾಣೆ ಹೆಸರು ಹಂಗ. ಆಸ್ಪತ್ರಿ ಕೆಟ್ಟದ್ದಲ್ಲ, ಸುಳ್ಳು ಹೇಳಿ ಒಯ್ಯೂದು ಕೆಟ್ಟದ್ದು.

ಸತ್ಯ ಹೇಳು. ಹೇಳಿದ ಮ್ಯಾಲೆ "ನಿನ್ನ ಒಳ್ಳೇದಕ್ಕ ಮಾಡಿದ್ನಿ" ಅನ್ನೂದನ್ನ ಮಾತ್ರ ಅನಬ್ಯಾಡ. ನಾ ಅದನ್ನ ಅಂದು ಅಂದು ಅಪ್ಪನ ಕಿವಿ ಮುಚ್ಚಿಸಿದೆ.

ಪೈಪಿನ್ಯಾಗ ದನಿ ಬರ್ತದ ಅಂದ್ರ "ಇಲ್ಲ" ಅನಬ್ಯಾಡ, "ಹೌದು" ಅಂತನೂ ಅನಬ್ಯಾಡ. "ನನಗ ಕೇಳ್ಸವಲ್ದು. ಆದ್ರ ನಿನಗ ರಾತ್ರಿ ನಿದ್ದಿ ಇಲ್ಲದ್ದು ನನಗ ಕಾಣ್ತದ" ಅನ್ನು. ನಿದ್ದಿ ಬಗ್ಗೆ ಜಗಳ ಇರೂದಿಲ್ಲ ನೋಡು. ಬ್ಯಾನಿ ಐತಿ ಅಂತ ಒಪ್ಪಲಾರದವರು ನಿದ್ದಿ ಇಲ್ಲ ಅಂತ ಒಪ್ತಾರ. ನಮ್ಮಪ್ಪ ಕಡೀಕ ಡಾಕ್ಟರ ಹಂತ್ಯಾಕ ತಾನ ನಡಕೊಂಡು ಹೋಗಿದ್ದು ಸೊಂಟ ನೋವು, ನಿದ್ದಿಗೇಡು ಅಂತ.

ಇಲ್ಲೆ ಪುಣೆದಾಗ ಧಾಯರಿ ಕಡೆ ಸ್ಕಿಜೋಫ್ರೇನಿಯಾ ಅವೇರ್‌ನೆಸ್ ಅಸೋಸಿಯೇಷನ್ ಅಂತ ಐತಿ. ಮನೀ ಮಂದಿ ಕೂಡಿ ಮಾತಾಡೂ ಸಭಾ ಮಾಡ್ತಾರ. ಮಾತೆಲ್ಲಾ ಮರಾಠಿ, ಆದ್ರ ಅಲ್ಲಿ ಹೋದ ದಿವಸನ ನನಗ ಒಂದು ತಿಳೀತು. ಮನ್ಯಾಗ ಬೈಗಳ, ಚುಚ್ಚು ಮಾತು, ಗಳಿಗಿಗೊಮ್ಮೆ ಹೋಗಿ ಇಣುಕಿ ನೋಡೂದು ಹೆಚ್ಚಾದಂಗ ಈ ಬ್ಯಾನಿ ತಿರುಗಿ ಬರೂದೂ ಹೆಚ್ಚು. ಲಂಡನ್ನಿನ್ಯಾಗ ಜಾರ್ಜ್ ಬ್ರೌನ್ ಅನ್ನಾಂವ ಭಾಳ ಹಿಂದ ಇದನ್ನ ಕಂಡ ಹಿಡದಿದ್ದ ಅಂತ. ನೀ ಲೋಟದ ತಳಾ ನೋಡ್ಕೋತ ನಿಂದ್ರತಿದ್ದೆಲ್ಲ, ಆಕಿಗೆ ಔಷಧ ಕಾಣಿಸಿರಲಿಕ್ಕಿಲ್ಲ, ನಿನ್ನ ಕಣ್ಣು ಕಂಡಿದ್ದಾವು.

ನಿನ್ನ ಕಡೀ ಪ್ರಶ್ನೆ ನಾನೂ ಕೇಳಿದ್ದೆ. ತಂದಿ ತಾಯಿ ಒಳಗ ಒಬ್ಬರಿಗಿದ್ರ ಮಕ್ಕಳಿಗೆ ಬರೂದು 100ರಾಗ ಸುಮಾರು 10 ಮಂದಿಗೆ ಅಂದ್ರು. ಬ್ಯಾರೆ ಮಂದಿಗೆ 100ರಾಗ ಒಬ್ಬರಿಗೆ. ಅಂದ್ರ 90 ಮಂದಿಗೆ ಬರೂದಿಲ್ಲ. ಗಾಂಜಾ ಸನೇಕ ಹೋಗಬ್ಯಾಡ, ನಿದ್ದಿ ಕೆಡಿಸ್ಕೋಬ್ಯಾಡ, ತಮ್ಮಗೂ ಹೇಳು. ನನಗ 29 ಆತು, ದಿವಸಾ ಮುಂಜಾನೆ ಎದ್ದು ನನ್ನ ನಾ ಪರೀಕ್ಷಾ ಮಾಡಕೊಳ್ಳೂದು ಬಿಟ್ಟು ಈಗ ಎರಡು ವರ್ಷ.

ಆಮ್ಯಾಲೆ ಅವಕಾಶ ಸಿಕ್ಕಾಗ ಅಂಗವೈಕಲ್ಯದ ಸರ್ಟಿಫಿಕೇಟ್ ಮಾಡಸ್ರಿ. 2016ರ ಕಾಯ್ದೆದಾಗ ಮಾನಸಿಕ ಕಾಯಿಲೇನೂ ಬರ್ತದ. 40 ಪರ್ಸೆಂಟ್ ಮ್ಯಾಲೆ ಇದ್ರ ಟ್ಯಾಕ್ಸಿನ್ಯಾಗೂ ಅನುಕೂಲ.


ಮೂರನೇ ಮಾಳಿಗೆ

ಅಣ್ಣ, 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 80ಡಿಡಿ ಕಲಮು ಎಂದು ಅದಕ್ಕೆ. 75,000 ಕಡಿತ, 80 ಪರ್ಸೆಂಟ್ ದಾಟಿದರೆ 1,25,000, ಹಳೆಯ ಟ್ಯಾಕ್ಸ್ ಪದ್ಧತಿಯಲ್ಲಿ ಮಾತ್ರ. ಆಫೀಸಿನಲ್ಲಿ ಬೇರೆಯವರ ರಿಟರ್ನ್‌ನಲ್ಲಿ ಎಷ್ಟೋ ಸಲ ನನ್ನ ಕೈಯಾರೆ ತುಂಬಿದ್ದೇನೆ. "ಅವಲಂಬಿತರು: ತಾಯಿ" ಎಂದೂ ಬರೆದಿದ್ದೇನೆ. ನನ್ನ ಅಮ್ಮನಿಗೂ ಅದು ಸೇರುತ್ತದೆ ಎಂದು ಒಂದು ದಿನವೂ ತಲೆಗೆ ಬರಲಿಲ್ಲ.

ಕಣ್ಣಿನ ವಿಷಯ ಹೇಳಿದಿರಲ್ಲ, ಅದನ್ನು ಓದಿ ಬಹಳ ಹೊತ್ತು ಸುಮ್ಮನೆ ಕೂತೆ.


ಕುರ್ಲಾ ಬ್ರಿಡ್ಜ್

ಎಲ್ಲರೂ ನಿನಗೇ ಹೇಳುತ್ತಿದ್ದಾರೆ, ನಿನ್ನ ಅಪ್ಪನನ್ನು ಕೇಳುವವರು ಯಾರು? ಬಾಟಲಿ ತಂದವರು ಅವರು, ದಿನಾ ಹಾಕಿದವಳು ನೀನು, ಈಗ ಅಮ್ಮನ ಕಣ್ಣಲ್ಲಿ ಕಳ್ಳಿ ನೀನು.


ಮೂರನೇ ಮಾಳಿಗೆ

ಅಪ್ಪನಿಗೆ ಹೀಗೆ ಹೇಳಬೇಡಿ. ಹದಿಮೂರು ವರ್ಷಕ್ಕೆ ಊರು ಬಿಟ್ಟು ಬಂದು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿದವರು. ವಾರಕ್ಕೆ ಅರ್ಧ ದಿನ ರಜೆ. ಆ ಅರ್ಧ ದಿನ ಅಮ್ಮನ ಕಾಲಿಗೆ ಎಣ್ಣೆ ಹಚ್ಚುತ್ತಾರೆ. ಅವರಿಗೆ ಮಾತು ಬರುವುದಿಲ್ಲ ಅಷ್ಟೇ.


ರಾತ್ರಿ ಪಾಳಿ (ಮುಂಬಯಿ)

ಮಗಳೇ, ನಾನು ಮುನಿಸಿಪಾಲಿಟಿ ಆಸ್ಪತ್ರೆಯೊಂದರಲ್ಲಿ 24 ವರ್ಷದಿಂದ ನರ್ಸ್. ಎಂಟು ವರ್ಷ ಮನೋರೋಗದ ವಾರ್ಡಿನಲ್ಲೇ ಇದ್ದೆ. ನೀನು ಮಾಡಿದ್ದನ್ನು ಮಾಡಿದ ಮನೆಯವರನ್ನು ನೂರಾರು ನೋಡಿದ್ದೇನೆ, ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಆದರೂ ಅದು ಸರಿಯಾದ ದಾರಿ ಅಲ್ಲ. ರೋಗಿಯನ್ನು ನೋಡದೆ ಮದ್ದು ಬರೆದದ್ದಂತೂ ದೊಡ್ಡ ತಪ್ಪು. ರಕ್ತ ಪರೀಕ್ಷೆ ಇಲ್ಲ, ತೂಕ ನೋಡಿದ್ದಿಲ್ಲ, ಕೈ ನಡುಗುತ್ತದಾ ಕೇಳಿದ್ದಿಲ್ಲ. ಇನ್ನೊಂದು ಮಾತು: ರಿಸ್ಪೆರಿಡೋನ್ ದ್ರವವನ್ನು ಚಹಾದಲ್ಲಾಗಲಿ ಕೋಲಾದಲ್ಲಾಗಲಿ ಬೆರೆಸಬಾರದು. ಕಾಫಿ, ನೀರು ಆಗುತ್ತದೆ. ಚಹಾದ ದಿನಗಳಲ್ಲಿ ಅಮ್ಮನಿಗೆ ಎಷ್ಟು ಹೋಯಿತು ಎಂದು ಯಾರೂ ಹೇಳಲಾರರು. ಕದ್ದು ಕೊಡುವ ಮದ್ದಿನ ತೊಂದರೆಯೇ ಇದು, ಲೆಕ್ಕ ಇರುವುದಿಲ್ಲ.

ಈಗ ಮೊದಲು ನೋಡಬೇಕಾದದ್ದು ಊಟ, ನೀರು. ಬಾಳೆಹಣ್ಣು, ಮೊಟ್ಟೆ, ಹಾಲು, ಬಿಸ್ಕೆಟು ನಡೆಯುತ್ತಿದ್ದರೆ ಸದ್ಯಕ್ಕೆ ಜೀವಕ್ಕೆ ಅಪಾಯವಿಲ್ಲ. ಸಿಪ್ಪೆ ಇರುವ ಹಣ್ಣು, ಶೇಂಗಾ, ಎಳನೀರು, ಅವರ ಎದುರೇ ಕೊಚ್ಚಿಸಿ ತಂದುಕೊಡು. ಪೂರ್ತಿ ಊಟ ಬಿಟ್ಟರೆ, ನೀರು ಬಿಟ್ಟರೆ, ಮೂತ್ರ ಕಡಿಮೆಯಾದರೆ, ಸಾಯುವ ಮಾತು ಬಂದರೆ, ಅಥವಾ ದನಿಗಳು ಏನಾದರೂ ಮಾಡು ಎಂದು ಅಪ್ಪಣೆ ಕೊಡುತ್ತಿವೆ ಎಂದರೆ ಕಾಯಬೇಡ, 108ಕ್ಕೆ ಫೋನ್ ಮಾಡು. ಅಡುಗೆಮನೆಯ ಕತ್ತಿಯನ್ನು ಗಲಾಟೆ ಮಾಡದೆ ಒಳಗಿಡು. ಹಳೆಯ ಬಾಟಲಿಯಿಂದ ನೀನೇ ಮತ್ತೆ ಶುರು ಮಾಡಬೇಡ.

ಸೇರಿಸುವುದು ಎಂದರೆ ಅತ್ತೆ ಹೇಳಿದ ಹಾಗೆ ಬಿಟ್ಟು ಬರುವುದಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಪ್ರತಿ ವಯಸ್ಕರಿಗೂ ತಮ್ಮ ಚಿಕಿತ್ಸೆ ತಾವೇ ತೀರ್ಮಾನಿಸುವ ಶಕ್ತಿ ಇದೆ ಎಂದೇ ಮೊದಲು ಹಿಡಿಯಬೇಕು. ಅವರ ಒಪ್ಪಿಗೆ ಇಲ್ಲದೆ ಸೇರಿಸಬೇಕಾದರೆ 89ನೇ ಕಲಮು: ರೋಗಿಯ ಪರವಾಗಿ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಕೊಡಬೇಕು, ಇಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು, ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ಮಿತಿ 30 ದಿನ. ಹೆಂಗಸರಾದರೆ ಮೂರು ದಿನದೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಪಾಯಕ್ಕೆ ಬಂದವರಿಗೂ ಅದು ಅನ್ವಯಿಸುತ್ತದೆ, ಹಾಗಾಗಿ ಊಟದ ಮೇಲೆ ಕಣ್ಣಿಡು ಎಂದದ್ದು. ಆ ಪ್ರತಿನಿಧಿ ಯಾರಾಗಬೇಕು ಎಂದು ಅಮ್ಮನೇ ಬರೆದುಕೊಡಬಹುದು. ಮುಂದೆ ಹುಷಾರಾಗಿದ್ದಾಗ ಕೇಳು.

ಸಾಯನ್, ಕೆಇಎಂ, ನಾಯರ್, ಮೂರು ಆಸ್ಪತ್ರೆಯಲ್ಲೂ ಮನೋರೋಗ ವಿಭಾಗ ಇದೆ. ನಿಮಗೆ ಲೋಕಲ್‌ನಲ್ಲಿ ಸಾಯನ್ ಹತ್ತಿರ. ಕೇಸ್ ಪೇಪರ್ ಮಾಡಿಸುವಾಗಲೇ ಮೆಡಿಕಲ್ ಸೋಶಿಯಲ್ ವರ್ಕರ್ ಎಲ್ಲಿ ಕೂರುತ್ತಾರೆ ಎಂದು ಕೇಳು. ಅಮ್ಮ ಒಪ್ಪಿದರೆ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಕೂಡ ಇದೆ, ದಿನಾ ಗುಳಿಗೆಯ ಜಗಳ ಇರುವುದಿಲ್ಲ. ಆಸ್ಪತ್ರೆಗೆ ಹೋಗುವ ಮೊದಲು 14416ಕ್ಕೆ ಫೋನ್ ಮಾಡಬಹುದು. ಅದು ಸರಕಾರದ ಟೆಲಿಮಾನಸ್, 2022ರಿಂದ ಇದೆ, ಹಗಲು ರಾತ್ರಿ ಉಚಿತ, ಭಾಷೆಯ ಆಯ್ಕೆಯಲ್ಲಿ ಕನ್ನಡ ಇದೆ. ಅಮ್ಮನಿಗಾಗಿ ಮಾತ್ರವಲ್ಲ, ನಿನಗಾಗಿಯೂ ಮಾಡು.


ಜುವಾರಿ ದಂಡೆ (ವಾಸ್ಕೋ, ಗೋವಾ)

ನಾನು ನಿಮ್ಮ ಅಮ್ಮನ ಜಾಗದಿಂದ ಬರೆಯುತ್ತಿದ್ದೇನೆ. ನನಗೆ 41. ಕಾರವಾರದವಳು, ಮದುವೆಯಾಗಿ ಇಲ್ಲಿಗೆ ಬಂದೆ. ನನಗೂ ಇದೇ ಕಾಯಿಲೆ. ನನ್ನ ಗಂಡ ಎಂಟು ತಿಂಗಳು ನನ್ನ ಸಾರಿಗೆ ಗುಳಿಗೆ ಪುಡಿ ಮಾಡಿ ಹಾಕಿದ್ದರು.

ಮನೆಯವರು ಯೋಚಿಸದ ಒಂದು ಸಂಗತಿ ಹೇಳುತ್ತೇನೆ. ಗುಟ್ಟಾಗಿ ಕೊಟ್ಟ ಮದ್ದೂ ಮೈಯಲ್ಲಿ ಕೆಲಸ ಮಾಡುತ್ತದೆ. ನನಗೆ ಮುಟ್ಟು ನಿಂತಿತು. ಬಸುರಿಯಲ್ಲ, ಬಾಣಂತಿಯಲ್ಲ, ಎದೆಯಿಂದ ಹಾಲು ಒಸರಿತು. ಕಾಲು ಒಂದು ಕಡೆ ನಿಲ್ಲದು, ಕೂತಲ್ಲಿ ಕೂರಲಾಗದು, ಚರ್ಮದ ಒಳಗಿಂದ ಯಾರೋ ಓಡಿಸಿದ ಹಾಗೆ. ಯಾರೋ ನನ್ನ ಮೈಗೆ ಏನೋ ಮಾಡುತ್ತಿದ್ದಾರೆ ಎಂದು ನಾನು ಅತ್ತೆ, ಕೂಗಿದೆ. ಭ್ರಮೆ ಎಂದರು. ಆದರೆ ಅದೊಂದು ಭ್ರಮೆಯಾಗಿರಲಿಲ್ಲ. ಉಳಿದದ್ದೆಲ್ಲ ಕಾಯಿಲೆ ಇರಬಹುದು, ಆ ಒಂದು ಮಾತು ನಿಜವಾಗಿತ್ತು. ನಿಜ ಹೇಳಿದಾಗಲೂ ನಂಬದ ಮನೆಯಲ್ಲಿ ನನ್ನ ತಲೆಗೆ ಯಾವುದು ನಿಜ, ಯಾವುದು ಅಲ್ಲ ಎಂದು ಬೇರ್ಪಡಿಸುವ ದಾರಿಯೇ ಮುಚ್ಚಿಹೋಯಿತು.

ಆಮೇಲೆ ಬಾಂಬೋಳಿಯ ಸರಕಾರಿ ಮನೋರೋಗ ಆಸ್ಪತ್ರೆ ಐಪಿಎಚ್‌ಬಿಯಲ್ಲಿ ತೋರಿಸಿದಾಗ ಒಬ್ಬ ಹೆಣ್ಣು ಡಾಕ್ಟರ್ ನನ್ನನ್ನೇ ಕೇಳಿದರು: ಮೈಗೆ ಏನು ಆಗುತ್ತಿದೆ? ಮೂರು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ರಕ್ತದಲ್ಲಿ ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನು) ನೋಡಿಸಿದರು, ಏರಿತ್ತು. ಅದು ಆ ಮದ್ದಿನಿಂದಲೇ ಆಗುವುದು ಎಂದು ಬಿಡಿಸಿ ಹೇಳಿ ಬೇರೆ ಮದ್ದಾದ ಅರಿಪಿಪ್ರಜೋಲ್‌ಗೆ ಬದಲಿಸಿದರು. ಮುಟ್ಟು ಮರಳಿ ಬಂತು. ನನ್ನ ಮಾತಿಗೆ ಬೆಲೆ ಬಂದದ್ದು ಆ ದಿನ. ಅಂದಿನಿಂದ ಇವತ್ತಿನ ತನಕ ನನ್ನ ಗುಳಿಗೆ ನಾನೇ ನುಂಗುತ್ತೇನೆ.

ನಿಮ್ಮ ಅಮ್ಮನಿಗೆ ಹೇಳುವಾಗ ನೀವು ಏನು ಹಾಕಿದಿರಿ, ಎಷ್ಟು, ಯಾವಾಗಿನಿಂದ, ಯಾರು ತಂದದ್ದು, ಎಲ್ಲ ಹೇಳಿ. ಚೀಟಿ ಇದ್ದರೆ ಕೈಗೆ ಕೊಡಿ. ಮೈಗೆ ಏನಾಗಿತ್ತು ಎಂದು ಕೇಳಿ. ಅವರು ಹೇಳಿದ್ದನ್ನು ಬರೆದುಕೊಳ್ಳಿ. ನನ್ನ ಗಂಡ ಇಪ್ಪತ್ತು ಸಲ ಕ್ಷಮೆ ಕೇಳಿದರು, ನನಗೆ ಬೇಕಾಗಿದ್ದದ್ದು ಕ್ಷಮೆಯಲ್ಲ, ಆ ಎಂಟು ತಿಂಗಳ ಲೆಕ್ಕ. ಕೂಡಲೇ ನಂಬಿಕೆ ಬರುವುದಿಲ್ಲ. ನಾನು ಒಂದು ವರ್ಷ ಅವರು ತಿಂದ ತಟ್ಟೆಯಿಂದಲೇ ತಿಂದೆ. ಅವರು ಬೇಸರ ಮಾಡಿಕೊಳ್ಳದೆ ದಿನಾ ಮೊದಲ ತುತ್ತು ತಾವು ತಿಂದು ತಟ್ಟೆ ನನ್ನ ಕಡೆ ಸರಿಸುತ್ತಿದ್ದರು.


ಮೂರನೇ ಮಾಳಿಗೆ

ಅಕ್ಕ, ಆಗಸ್ಟಿನಲ್ಲಿ ಅಮ್ಮ ಮುಟ್ಟು ನಿಂತಿತು ಎಂದು ಹೇಳಿದ್ದರು. ವಯಸ್ಸಾಯಿತಲ್ಲ, ಅದಕ್ಕೇ ಎಂದು ನಾನು ಅಂದೆ. ಒಂದು ದಿನ ಬ್ಲೌಸ್ ಒದ್ದೆಯಾಗಿದ್ದೂ ನೋಡಿದ್ದೆ, ಬೆವರು ಎಂದುಕೊಂಡೆ. ಇವತ್ತು ಇನ್ನೇನೂ ಬರೆಯಲಾರೆ.


ಮೂರನೇ ಮಾಳಿಗೆ (ನಾಲ್ಕು ದಿನದ ನಂತರ)

ನಿನ್ನೆ ಹೇಳಿದೆ.

ತಮ್ಮ ಕ್ಲಾಸಿಗೆ ಹೋಗಿದ್ದ. ಅಮ್ಮ ಕಿಚನಿನ ನೆಲದಲ್ಲಿ ಕೂತು ಮೊಟ್ಟೆ ಸುಲಿಯುತ್ತಿದ್ದರು. ನಾನು ಎದುರು ಕೂತು ಬಾಟಲಿ, ಡಾಕ್ಟರ ಚೀಟಿ, ಮೆಡಿಕಲ್‌ನ ಬಿಲ್ಲುಗಳು, ಎಲ್ಲ ನೆಲದ ಮೇಲೆ ಇಟ್ಟೆ. ಕೆಮ್ಮಿನ ಮದ್ದು ಎಂದದ್ದು ಸುಳ್ಳು ಎಂದೆ. ಫೆಬ್ರವರಿಯಿಂದ, ದಿನಾ, 2 ಮಿಲಿ. ಅಪ್ಪ ತಂದದ್ದು, ಹಾಕಿದ್ದು ನಾನು. ನಿನ್ನ ಒಳ್ಳೆಯದಕ್ಕೆ ಎಂಬ ಮಾತು ಬಾಯಿಯ ತುದಿಗೆ ಬಂತು, ನುಂಗಿದೆ. ಹಡಪಸರದ ಅಣ್ಣನಿಗೆ ಇದು ಗೊತ್ತಿರಲಿ.

ಅಮ್ಮ ಬಿಲ್ಲುಗಳನ್ನು ತಾರೀಕಿನ ಪ್ರಕಾರ ಜೋಡಿಸಿದರು. ಹೊಲಿಗೆಯ ಲೆಕ್ಕ ಇಡುತ್ತಿದ್ದಾಗ ಹೀಗೇ ಮಾಡುತ್ತಿದ್ದರು. ಒಂದು ತಿಂಗಳಿನದು ಇಲ್ಲ ಎಂದರು. ಹೌದು, ಜುಲೈಯದು ಕಳೆದಿದೆ. ಆಮೇಲೆ ಸುಮಾರು ಹೊತ್ತು ಬಿಟ್ಟು ಕೇಳಿದರು:

"ಹಂಗಾರೆ ಚೌತಿ ದಿನ ನಾನ್ ನೆಗಾಡಿದ್ದೂ ಮದ್ದೇಯಾ?"

ಇಲ್ಲಮ್ಮ, ನೆಗಾಡಿದ್ದು ನೀವೇ ಎಂದೆ. ಮದ್ದು ಪೈಪಿನ ಸದ್ದನ್ನು ಸ್ವಲ್ಪ ಸಣ್ಣ ಮಾಡಿತ್ತೋ ಏನೋ, ನೆಗಾಡಿದ್ದು ನೀವೇ. ನಾನು ಹೇಳಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ಅಮ್ಮ ನಂಬಿದರೋ ಇಲ್ಲವೋ ಅದೂ ಗೊತ್ತಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡರು.

ಮೈಗೆ ಏನಾಗಿತ್ತು ಎಂದು ಕೇಳಿದೆ. ವಾಸ್ಕೋದ ಅಕ್ಕ, ನೀವು ಬರೆದದ್ದರಲ್ಲಿ ಮುಕ್ಕಾಲು ಪಾಲು ಅಮ್ಮ ಹೇಳಿದರು. ಎದೆಯ ಹಾಲಿನ ವಿಷಯ ಹೇಳುವಾಗ ದನಿ ತಗ್ಗಿಸಿ, ನಾಲ್ಕನೇ ಮಾಳಿಗೆಯವರು ಮಾಡಿಸಿದ್ದು ಎಂದೇ ತಿಳಿದಿದ್ದೆ ಎಂದರು. ನಾನು ಆಫೀಸಿನ ಡೈರಿಯಲ್ಲಿ ಬರೆದುಕೊಂಡೆ. ಬರೆದದ್ದನ್ನು ಓದಿ ಹೇಳು ಎಂದರು, ಓದಿದೆ. ಒಂದು ಕಡೆ ತಿದ್ದಿಸಿದರು: ಕಾಲು ನೋವು ಅಲ್ಲ, ಕಾಲು ಸುಮ್ಮನಿರುವುದಿಲ್ಲ.

ಅಪ್ಪ ಬಂದ ಮೇಲೆ ಅವರಿಗೂ ಕೇಳಿದರು. ಅಪ್ಪ ಏನೂ ಹೇಳದೆ ಬಟ್ಟೆಯನ್ನೂ ಬದಲಿಸದೆ ಅಲ್ಲೇ ಗೋಡೆಗೆ ಒರಗಿ ಕೂತರು. ರಾತ್ರಿ ಎರಡು ಗಂಟೆಯ ತನಕ ಇಬ್ಬರೂ ಹಾಗೇ ಕೂತಿದ್ದರು.

ಈಗಲೂ ನಾನು ಮಾಡಿದ್ದನ್ನು ತಿನ್ನುತ್ತಿಲ್ಲ. ಪೈಪಿನ ಮಾತೂ ನಿಂತಿಲ್ಲ. ಆದರೆ ನಿದ್ದೆಗೆ ಮತ್ತು ಎದೆಯ ತೊಂದರೆಗೆ ಡಾಕ್ಟರನ್ನು ನೋಡುತ್ತೇನೆ ಎಂದಿದ್ದಾರೆ. ಒಂದು ಷರತ್ತು: ಒಳಗೆ ನಾನು ಬರಬಾರದು, ಅಪ್ಪನೂ ಬರಬಾರದು. ತನ್ನ ಮಾತನ್ನು ತಾನೇ ಹೇಳುತ್ತಾರಂತೆ. ಆದರೆ ಕನ್ನಡದಲ್ಲಿ. ಇದಕ್ಕೆ ಏನು ಮಾಡಲಿ?


ರಾತ್ರಿ ಪಾಳಿ

ಅಮ್ಮ ಕೇಳಿದ್ದರಲ್ಲಿ ತಪ್ಪಿಲ್ಲ, ಅದು ಅವರ ಹಕ್ಕು. ಮಂಗಳವಾರ ಬೆಳಿಗ್ಗೆ ನನ್ನ ಪಾಳಿ ಮುಗಿಯುತ್ತದೆ. ನಮ್ಮ ಒಪಿಡಿಗೇ ಕರೆದುಕೊಂಡು ಬಾ, ಯಾವ ಆಸ್ಪತ್ರೆ ಎಂದು ಬೇರೆಯಾಗಿ ಬರೆಯುತ್ತೇನೆ. ಕೇಸ್ ಪೇಪರಿನ ಕಿಟಕಿಯ ಹತ್ತಿರ ನಿಂತಿರುತ್ತೇನೆ. ಅಮ್ಮ ಒಪ್ಪಿದರೆ ಮಾತ್ರ ಒಳಗೆ ಜೊತೆ ಹೋಗುತ್ತೇನೆ. ಅವರು ಹೇಳಿದಷ್ಟೇ ಹೇಳುತ್ತೇನೆ, ಒಂದು ಶಬ್ದ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಇದನ್ನು ಅವರಿಗೆ ಮೊದಲೇ ತಿಳಿಸು. ನಾನೂ ಕುಂದಾಪುರದ ಕಡೆಯವಳೇ ಎಂದೂ ಹೇಳು. ಬೇಕಾದರೆ ಇವತ್ತು ಸಂಜೆ ಫೋನಿನಲ್ಲಿ ನನ್ನ ಮಾತು ಕೇಳಲಿ.

ಆ ಡೈರಿಯ ಹಾಳೆ ಮರೆಯದೆ ತಾ. ಬಾಟಲಿಯನ್ನೂ.


ಮೂರನೇ ಮಾಳಿಗೆ

ಅಮ್ಮ ನಿಮ್ಮ ಹತ್ತಿರ ಹದಿನೈದು ನಿಮಿಷ ಮಾತಾಡಿದ್ದನ್ನು ನಾನು ಹೊರಗೆ ಜಿನೆಯ ಮೆಟ್ಟಿಲಿನಲ್ಲಿ ಕೂತು ಕಾದೆ. ಯಾವ ಊರು, ಯಾರ ಮನೆ ಎಂದೆಲ್ಲ ವಿಚಾರಿಸಿಕೊಂಡರಂತೆ. "ಅಡ್ಡಿಲ್ಲ" ಎಂದರು.

ಮಂಗಳವಾರ ಗರ್ದಿ ಆಗುವ ಮೊದಲು ಹೊರಡುತ್ತೇವೆ, ಲೇಡೀಸ್ ಡಬ್ಬಾದಲ್ಲಿ ಕೂರಲು ಜಾಗ ಸಿಗಬೇಕು. ಬಾಟಲಿ ಮತ್ತು ಹಾಳೆ ಅಮ್ಮನ ಚೀಲದಲ್ಲೇ ಇವೆ, ತಾನೇ ಇಟ್ಟುಕೊಂಡಿದ್ದಾರೆ. ಊಟದ ಡಬ್ಬಿಯನ್ನೂ ತಾನೇ ಕಟ್ಟುತ್ತಾರಂತೆ. ನನಗೂ ಎರಡು ಮೊಟ್ಟೆ ಬೇಯಿಸಲಾ ಎಂದು ಕೇಳಿದರು.